ಮಾನ್ವಿಯಲ್ಲಿ ಬೀಳದ ಮಳೆ

ಬುಧವಾರ ಹನ್ನೊಂದು ಗಂಟೆಯ ಸುಮಾರಿಗೆ ಪ್ರಾಣೇಶರಾಯರು ತಂಪು ಕೋಣೆಯ ಬಾಗಿಲನ್ನು ಅರ್ಧ ತೆರೆದು ಒಂದು ಚೀಟಿ ಚಾಚಿದರು. ಒಳಗೆ ಬರಬೇಕೆಂದರೆ ಚಪ್ಪಲಿ ಬಿಡಬೇಕು, ಬಿಟ್ಟರೆ ಮತ್ತೆ ಮೆಟ್ಟಿಕೊಳ್ಳಲು ಬಾಗಬೇಕು. ಅದು ಅವರಿಗೆ ಬೇಸರದ ಕೆಲಸ. ಕನಕಮ್ಮನೇ ಎದ್ದು ಹೋಗಿ ಚೀಟಿ ತೆಗೆದುಕೊಂಡಳು.

“ಹದಿನೇಳನೇ ನಂಬರಿನ ಕೇಂದ್ರ,” ಎಂದರು ರಾಯರು. “ಎಪ್ಪತ್ತೊಂದನೇ ಇಸ್ವಿಯಿಂದ ಎಂಬತ್ತಾರರ ತನಕ ಎಲ್ಲಾ ದಿನಕ್ಕೂ ನಾಲ್ಕು ಒಂಬತ್ತು ಹಾಕಿಬಿಡವಾ. ಶನಿವಾರ ಸಂಜಿಗೆ ಫ್ಲಾಪಿ ಬೆಂಗಳೂರಿಗೆ ಹೋಗಬೇಕು.”

“ಯಾಕ್ರಿ ಸರ್?”

“ಕಳ್ಳ ಲೆಕ್ಕ ಅದು. ದೇವದುರ್ಗದ ಆ ಮನುಷ್ಯ ಮಳಿ ಅಳದೇ ಇಲ್ಲ. ಹದಿನಾರು ವರ್ಷ ಮಾನ್ವಿ ಲೆಕ್ಕಾನೇ ನಕಲು ಮಾಡಿ ಕಳಿಸ್ಯಾನ.”

ಬಾಗಿಲು ಮುಚ್ಚಿತು. ಕನಕಮ್ಮ ಚೀಟಿಯನ್ನು ಎರಡು ಸಲ ಓದಿದಳು. ದೇವದುರ್ಗದ ಆ ಮನುಷ್ಯನ ಹೆಸರು ಅದರಲ್ಲಿರಲಿಲ್ಲ, ನಂಬರು ಮಾತ್ರ ಇತ್ತು. ಹೆಸರು ಗದ್ದೆಪ್ಪ. ಅವಳ ತಂದೆ.

ಅದು ಎಂಬತ್ತೇಳನೇ ಇಸ್ವಿಯ ಆಗಸ್ಟ್ ತಿಂಗಳು. ಜಿಲ್ಲೆಯ ಮಳೆ ಲೆಕ್ಕವನ್ನೆಲ್ಲ ಒಂದೆಡೆ ಕೂಡಿಸಲು ರಾಯಚೂರಿನಲ್ಲಿದ್ದ ಆ ಸಣ್ಣ ಕಚೇರಿಗೆ ಹಿಂದಿನ ವರ್ಷ ಒಂದು ಕಂಪ್ಯೂಟರ್ ಬಂದಿತ್ತು. ಇಡೀ ರಾಯಚೂರು ಬಿಸಿಲಲ್ಲಿ ಕುದಿಯುವಾಗಲೂ ಆ ಒಂದು ಕೋಣೆ ತಣ್ಣಗಿರುತ್ತಿತ್ತು. “ಡಬ್ಬಿಗಿ ಇರೋ ಮರ್ಯಾದಿ ಮನಿಷ್ಯಾಗ ಇಲ್ಲ,” ಎಂದು ಜವಾನ ಸತ್ತಾರ್ ಸಾಬ್ ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದ. ಕನಕಮ್ಮ ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಟೆಂಪರರಿ ಎಂದು ಅಲ್ಲಿ ಸೇರಿದವಳು. ಅವಳೂ ಪಕ್ಕದ ಮೇಜಿನ ತುಳಸಿಬಾಯಿಯೂ ಎಂಟು ತಿಂಗಳು ಕೂತು ಊರೂರಿನ ಹಾಳೆಗಳನ್ನು ಯಂತ್ರದೊಳಗೆ ಇಳಿಸಿದ್ದರು. ದೇವದುರ್ಗದ ಹಾಳೆಗಳನ್ನು ಕನಕಮ್ಮ ಕೇಳಿ ತೆಗೆದುಕೊಂಡಿದ್ದಳು. ತಂದೆಯ ಅಡ್ಡಾದಿಡ್ಡಿ ಅಕ್ಷರ ಅವಳಿಗಲ್ಲದೆ ಬೇರೆ ಯಾರಿಗೂ ಸುಲಭಕ್ಕೆ ತಿಳಿಯುವಂತಿರಲಿಲ್ಲ. ಮಾನ್ವಿಯ ಹಾಳೆಗಳು ತುಳಸಿಬಾಯಿಯ ಪಾಲಿಗೆ ಹೋದವು. ಎಲ್ಲ ಮುಗಿದ ಮೇಲೆ ಗೆದ್ದಲು ಹಿಡಿದೀತೆಂದು ಕಾಗದಗಳನ್ನೆಲ್ಲ ರದ್ದಿಗೆ ಹಾಕಿದರು. ಈಗ ಉಳಿದಿದ್ದು ಯಂತ್ರದೊಳಗಿನ ಒಂದೇ ಫೈಲು.

ಫೈಲೆಂದರೆ ಸಾಲುಗಳು, ಅಷ್ಟೇ. ಒಂದು ಕೇಂದ್ರದ ಒಂದು ದಿನಕ್ಕೆ ಒಂದು ಸಾಲು. ಮೊದಲ ಮೂರು ಅಂಕಿ ಕೇಂದ್ರದ ನಂಬರು, ಎರಡು ಅಂಕಿ ಇಸ್ವಿ, ಎರಡು ತಿಂಗಳು, ಎರಡು ತಾರೀಖು, ಕೊನೆಯ ನಾಲ್ಕು ಮಳೆ. ಹನ್ನೆರಡೂವರೆ ಮಿಲಿಮೀಟರ್ ಬಿದ್ದಿದ್ದರೆ 0125. ಅಳತೆಯೇ ಇಲ್ಲದ ದಿನಕ್ಕೆ 9999. ಹದಿಮೂರು ಅಂಕಿಯೊಳಗೆ ಒಂದು ದಿನ ಮುಗಿಯುತ್ತಿತ್ತು. ಹಾಳೆಗಳ ಬಲತುದಿಗೆ, ಆ ದಿನದ ಟಿಪ್ಪಣಿ ಬರೆಯಲು, ಷರಾ ಎಂಬ ಕಾಲಮ್ಮೊಂದಿತ್ತು. ಟೈಪು ಮಾಡುವಾಗ ಕನಕಮ್ಮ ಒಮ್ಮೆ ಎದ್ದು ಹೋಗಿ, “ಷರಾ ಎಲ್ಲಿ ಹಾಕೋದ್ರಿ ಸರ್?” ಎಂದು ಕೇಳಿದ್ದಳು. “ಷರಾ ಏನು ಕೂಡಿಸ್ಲಿಕ್ಕೆ ಬರ್ತದೇನವಾ? ಬಿಡು ಅದನ್ನ,” ಎಂದಿದ್ದರು ರಾಯರು. ಅವಳು ಬಿಟ್ಟಿದ್ದಳು.

ಹದಿನೇಳನೇ ಕೇಂದ್ರದ ಹದಿನಾರು ವರ್ಷ ಎಂದರೆ ಐದು ಸಾವಿರದ ಎಂಟುನೂರ ನಲವತ್ತನಾಲ್ಕು ಸಾಲು. ಅಷ್ಟನ್ನೂ ಒಂಬತ್ತು ಮಾಡಲು ಹತ್ತು ಸಾಲಿನ ಪ್ರೋಗ್ರಾಮು ಸಾಕು, ಒಂದು ಗುಂಡಿ ಒತ್ತಿದರೆ ಆಯಿತು. ಅವಳು ಒತ್ತಲಿಲ್ಲ. ಚೀಟಿಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು, ಗುರುವಾರಕ್ಕೆ ರಜೆ ಬರೆದು ಕೊಟ್ಟಳು.

*

ಮರುದಿನ ಬೆಳಗಿನ ಬಸ್ಸಿಗೆ ಅವಳು ದೇವದುರ್ಗದಲ್ಲಿ ಇಳಿದಾಗ ಹತ್ತು ಗಂಟೆ. ಆ ಹೊತ್ತಿಗೆ ಗದ್ದೆಪ್ಪ ಯಾರದಾದರೂ ಹೊಲದಲ್ಲಿ ಇರಬೇಕಿತ್ತು. ಎಂಟೂವರೆಗೆ ಮಳೆ ಅಳೆದು, ಬರೆದು, ಮಳೆಮಾಪಕದ ಸುತ್ತಲಿನ ಬೇಲಿಯ ಬಾಗಿಲಿಗೆ ಬೀಗ ಹಾಕಿ, ಅಲ್ಲಿಂದ ನೇರ ಕೂಲಿಗೆ ಹೋಗುವುದು ಅವನ ಪದ್ಧತಿ. ಅವತ್ತು ಮನೆಯ ಕಟ್ಟೆಯ ಮೇಲೆ ಕೂತಿದ್ದ. ಬಲಗೈ ಮತ್ತೆ ಮತ್ತೆ ಸೊಂಟದ ಉಡದಾರದ ಮೇಲೆ ಹೋಗಿ ಏನನ್ನೋ ಹುಡುಕಿ ಬರುತ್ತಿತ್ತು. ಹದಿನಾರು ವರ್ಷ ಆ ದಾರಕ್ಕೆ ಬೀಗದ ಕೀಲಿ ಕಟ್ಟಿತ್ತು. ಜಳಕ ಮಾಡುವಾಗಲೂ ಬಿಚ್ಚುತ್ತಿರಲಿಲ್ಲ.

“ಕೀಲಿ ಎಲ್ಲೈತಪಾ?”

“ಸೋಮವಾರ ಒಯ್ದ್ರು. ಅವತ್ತಿನ ಅಳತಿ ಆಗಿತ್ತು. ಕಾಗದ ಕೊಟ್ಟು, ಕೀಲಿನೂ ಈ ತಿಂಗಳ ಹಾಳಿನೂ ತಗೊಂಡು ಹೋದ್ರು.”

“ಕೇಳಿದ ಕೂಡ್ಲೇ ಬಿಚ್ಚಿ ಕೊಟ್ಟೇನು?”

“ಸರಕಾರದ ಕೀಲಿ. ಕೇಳಿದ್ರು, ಕೊಟ್ಟೆ.” ಅವನು ಕಟ್ಟೆಯ ಮಣ್ಣನ್ನು ಬೆರಳಿಂದ ಕೆದರಿದ. “ಮೊನ್ನಿ ರಾತ್ರಿ ಜೋರು ಬಂತು ಮಳಿ. ಮುಂಜಾನಿ ಹೋಗಿ ಬೇಲಿ ಹೊರಗ ನಿಂತೆ. ಒಳಗ ಮಳಿ ಹಿಡಿಯೋ ಬಾಟ್ಲಿ ತುಂಬಿರ್ತದ. ಯಾರೂ ತೆಗದಿಲ್ಲ.”

ಕನಕಮ್ಮ ಕಾಗದ ಓದಿದಳು. ಮಾನ್ವಿ ಕೇಂದ್ರದ ನಿವೃತ್ತ ದಾಖಲೆಗಾರರಾದ ಜಗನ್ನಾಥರಾಯರು ಲಿಖಿತವಾಗಿ ತಿಳಿಸಿರುವಂತೆ, ದೇವದುರ್ಗದ ಗದ್ದೆಪ್ಪ ಎಂಬಾತ ಪ್ರತಿ ತಿಂಗಳೂ ಮಾನ್ವಿಗೆ ಬಂದು ಅವರ ವಹಿ ನೋಡಿ ಅಂಕಿಗಳನ್ನು ಬರೆದುಕೊಂಡು ಹೋಗುತ್ತಿದ್ದನು. ಎರಡೂ ಊರಿನ ಮಳೆ ಹತ್ತರಲ್ಲಿ ಒಂಬತ್ತು ದಿನ ಒಂದೇ ಆಗಿರುವುದು ಕಂಪ್ಯೂಟರಿನಿಂದ ಸಿದ್ಧವಾಗಿದೆ. ಆದ್ದರಿಂದ ಸದರಿ ಗದ್ದೆಪ್ಪನನ್ನು ತೆಗೆದುಹಾಕಲಾಗಿದೆ.

ಅವಳಿಗೆ ಆ ಕಟ್ಟೆ ನೆನಪಿಗೆ ಬಂತು. ಮಾನ್ವಿಯಲ್ಲಿ ಜಗನ್ನಾಥರಾಯರ ಮನೆಯ ಹೊರಕಟ್ಟೆ. ಸಣ್ಣವಳಿದ್ದಾಗ ತಂದೆಯ ಜೊತೆ ಎರಡು ಸಲ ಹೋಗಿದ್ದಳು. ದೇವದುರ್ಗದ ಹಾಳೆ ಮಾನ್ವಿಗೆ ಹೋಗಿ, ಅಲ್ಲಿನದರ ಜೊತೆ ಒಂದೇ ಲಕೋಟೆಯಲ್ಲಿ ರಾಯಚೂರಿಗೆ ಹೋಗಬೇಕೆಂಬುದು ಯಾರೋ ಎಂದೋ ಮಾಡಿದ ಕಟ್ಟಳೆ. ತಿಂಗಳ ಒಂದನೇ ತಾರೀಖು ಗದ್ದೆಪ್ಪ ಕೂಲಿ ಬಿಟ್ಟು ಬಸ್ಸು ಹತ್ತುತ್ತಿದ್ದ. “ಏನೋ ಗದ್ದೆಪ್ಪ, ಎಷ್ಟು ಮಳಿ ತಂದೀಯೋ ಈ ತಿಂಗಳು?” ಎಂದು ಜಗನ್ನಾಥರಾಯರು ನಗುತ್ತ ಹೊರಗೆ ಬರುತ್ತಿದ್ದರು. ಗದ್ದೆಪ್ಪ ಹಾಳೆಯನ್ನು ಕಟ್ಟೆಯ ಮೇಲೆ ಇಡಬೇಕು, ಅವನು ಹಿಂದೆ ಸರಿದ ಮೇಲೆ ಅವರು ಎತ್ತಿಕೊಳ್ಳಬೇಕು. ಬಾಯಾರಿಕೆ ಎಂದರೆ ಅವರ ಹೆಂಡತಿ ಜಾನಕಿಬಾಯಿ ಮೇಲಿನ ಮೆಟ್ಟಿಲಲ್ಲಿ ನಿಂತು ತಂಬಿಗೆಯಿಂದ ನೀರು ಹೊಯ್ಯುತ್ತಿದ್ದರು. ಬೊಗಸೆಯೊಡ್ಡಿ ಬಾಗಿ ಕುಡಿಯಬೇಕು. ಆಮೇಲೆ ಒಂದು ತಾಸು, ಒಂದೂವರೆ ತಾಸು ಬಿಸಿಲಲ್ಲಿ ಕಾಯಬೇಕು. ಒಳಗಿನಿಂದ ಪೆನ್ನಿನ ಗೀರಾಟ ಕೇಳುತ್ತಿತ್ತು. ರಾಯರು ತಂದೆಯ ಲೆಕ್ಕ ತಪಾಸಣೆ ಮಾಡುತ್ತಿದ್ದಾರೆಂದು ಆಗ ಅವಳು ತಿಳಿದಿದ್ದಳು.

“ಅವರೇ ನಿನ್ನ ಹಾಳಿ ನೋಡಿ ಬರಕೋತಿದ್ರು,” ಎಂದಳು. “ಅವರು ಒಂದಿನನಾರೆ ಮಳಿ ಅಳದಾರೇನಪಾ?”

“ಇಲ್ಲ,” ಎಂದ ಗದ್ದೆಪ್ಪ.

“ನಿನಗ ಹ್ಯಾಂಗ ಗೊತ್ತು?”

“ಅವರ ಬೇಲಿಗಿ ಬೀಗ ಇರ್ತಿರಲಿಲ್ಲ. ಬಸ್ಸಿಗಿ ಹೋಗೂ ಮುಂದ ಅವರ ಮಳಿಮಾಪಕ ತೆಗದು ನೋಡ್ತಿದ್ದೆ. ಮಳಿಗಾಲದಾಗ ಬಾಟ್ಲಿ ತುಂಬಿ ಪಾಚಿ ಕಟ್ಟಿರ್ತಿತ್ತು. ಬ್ಯಾಸಿಗ್ಯಾಗ ಜ್ಯಾಡನ ಬಲಿ. ತೊಳದು, ಕಸ ತೆಗದು ಇಟ್ಟು ಬರ್ತಿದ್ದೆ.”

“ತೊಳದು ಇಟ್ಟು ಬರ್ತಿದ್ದೀ! ಹದಿನಾರು ವರ್ಷ ಅವರ ಸುಳ್ಳು ತೊಳದು ಇಟ್ಟು ಬಂದೀ!” ಅವಳ ದನಿಗೆ ಎದುರು ಮನೆಯವರು ಹೊರಗೆ ಬಂದು ನೋಡಿದರು. “ಯಾರ ಮುಂದನಾರೆ ಒಂದು ಮಾತು ಆಡಿದ್ದೇನು?”

“ಯಾರ ಮುಂದ ಆಡ್ಲಿ? ನನ್ನ ಹಾಳಿ ರಾಯಚೂರಿಗಿ ಹೋಗೋದು ಅವರ ಕೈಲೆ. ಮುಂದಿನ ತಿಂಗಳು ‘ಗದ್ದೆಪ್ಪ ಹಾಳಿನೇ ತಂದಿಲ್ಲ’ ಅಂದ್ರ ಏನು ಮಾಡ್ಲಿ?” ಅವನು ತಲೆ ಎತ್ತಿದ. “ಮತ್ತ, ಮಳಿಮಾಪಕಕ್ಕೇನು ತಪ್ಪದ ಯವ್ವಾ? ಹೊಲಸು ಬಾಟ್ಲಿ ನೋಡಿ ಬಿಟ್ಟು ಬರಾಕ ಮನಸಾಗ್ತಿರಲಿಲ್ಲ.”

ಸಿಟ್ಟು ಯಾರ ಮೇಲೆ ತಿರುಗಬೇಕೋ ತಿಳಿಯದೆ ಕನಕಮ್ಮ ಎದ್ದು ನಿಂತಳು, ಮತ್ತೆ ಕೂತಳು.

“ನಾನು ಅಳದೀನಿ ಅನ್ನಾಕ ಸಾಕ್ಷಿ ಬೇಕೇನು?” ಎಂದ ಗದ್ದೆಪ್ಪ. “ಗಿಲಾಸು ಒಡದ ವರ್ಷ ತೆಗದು ನೋಡು. ನೀನೇ ಒಡದದ್ದು. ನೆನಪದಿಲ್ಲ?”

ನೆನಪಿತ್ತು. ಎಪ್ಪತ್ತೆಂಟು, ಅವಳಿಗೆ ಹದಿಮೂರು ವರ್ಷ. ಅಳತೆ ಗಾಜನ್ನು ತೊಳೆಯಲು ಹೋಗಿ ಕಲ್ಲಿನ ಮೇಲೆ ಬಿಟ್ಟಿದ್ದಳು. ಗೆರೆಗಳಿದ್ದ ಆ ಉದ್ದನೆಯ ಗಾಜು ಅರ್ಧಕ್ಕೆ ಮುರಿದು, ಉಳಿದ ತಳಭಾಗಕ್ಕೂ ಬಿರುಕು ಬಿಟ್ಟಿತು. ತಂದೆ ಹೊಡೆಯಲಿಲ್ಲ. ಅವಳನ್ನು ಕರೆದುಕೊಂಡು ಅಮೀರ್ ಸಾಬರ ಎಣ್ಣೆ ಅಂಗಡಿಗೆ ಹೋದ. ಎಣ್ಣೆ ಅಳೆಯುವ ತಗಡಿನ ಮಾಪುಗಳನ್ನು ಒಂದೊಂದಾಗಿ ಕೇಳಿ ಇಸಿದುಕೊಂಡ. “ಬಿರುಕಿನ ಮ್ಯಾಲ ಹೆಬ್ಬಟ್ಟು ಒತ್ತಿ ಹಿಡಿ, ಬಿಡಬ್ಯಾಡ,” ಎಂದು ಅವಳಿಂದ ಹಿಡಿಸಿ, ಒಡೆದ ಗಾಜಿಗೆ ಎರಡೂವರೆ ಮಿಲಿಮೀಟರಿನ ಗೆರೆಯ ತನಕ ನೀರು ತುಂಬಿ, ಮಾಪಿಗೆ ಸುರಿದು ನೋಡಿದ. ಎಲ್ಲಕ್ಕಿಂತ ಸಣ್ಣ ಮಾಪು ಕಂಠಮಟ್ಟ ತುಂಬಿ ನಿಂತಿತು. “ಬರೋಬ್ಬರಿ ಆತು ನೋಡು,” ಎಂದ. “ಮಳಿ ಎಣ್ಣಿಲೆಕ್ಕದಾಗ ಮಾರ್ತೀ ಏನೋ ಗದ್ದೆಪ್ಪ?” ಎಂದು ಅಮೀರ್ ಸಾಬ್ ನಕ್ಕಿದ್ದರು. ಹೊಸ ಗಾಜು ಬರುವ ತನಕ, ನಲವತ್ತೇಳು ದಿನ, ದೇವದುರ್ಗದ ಮಳೆಯನ್ನು ಆ ಮಾಪಿನಿಂದಲೇ ಅಳೆದದ್ದು. ಒಂದು ಮಾಪು ಎರಡೂವರೆ, ಎರಡು ಮಾಪು ಐದು, ಮೂರು ಮಾಪು ಏಳೂವರೆ. ಕೊನೆಗೆ ಉಳಿದದ್ದು ಅರ್ಧಕ್ಕಿಂತ ಹೆಚ್ಚಿದ್ದರೆ ಒಂದು ಮಾಪು, ಕಡಿಮೆಯಿದ್ದರೆ ಚೆಲ್ಲುವುದು.

“ದಿನಾ ಷರಾದಾಗ ಬರದೀನಿ,” ಎಂದ ಗದ್ದೆಪ್ಪ. “‘ಗಿಲಾಸು ಒಡದದ, ಎಣ್ಣಿ ಮಾಪಿಲೆ ಅಳದದ್ದು.’ ನಲವತ್ತೇಳು ದಿನಾನೂ ಬರದೀನಿ. ಷರಾ ತೆಗದು ತೋರ್ಸು ನಿಮ್ಮ ಕಚೇರಿ ರಾಯರಿಗಿ.”

ಕನಕಮ್ಮ ನೆಲ ನೋಡಿದಳು.

“ಷರಾ ಇಲ್ಲಪಾ. ಹಾಳಿ ರದ್ದಿಗಿ ಹೋದ್ವು. ಷರಾ ಬಿಡು ಅಂದ್ರು. ನಾನೇ ಬಿಟ್ಟೀನಿ.”

ಅಲ್ಲಿಯ ತನಕ ತಗ್ಗಿದ ದನಿಯಲ್ಲೇ ಮಾತಾಡುತ್ತಿದ್ದ ಗದ್ದೆಪ್ಪ ಮಗಳ ಮುಖವನ್ನೇ ನೋಡುತ್ತ ಕೂತ. ಅವನು ಬೈದಿದ್ದರೆ ಚೆನ್ನಾಗಿತ್ತು.

*

ಶುಕ್ರವಾರ ಅವಳು ಕಚೇರಿಗೆ ಬಂದವಳೇ ಎಪ್ಪತ್ತೆಂಟನೇ ಇಸ್ವಿಯ ಆಗಸ್ಟು, ಸೆಪ್ಟೆಂಬರುಗಳ ಸಾಲುಗಳನ್ನು ಮುದ್ರಿಸಿ ತೆಗೆದಳು. ಎಡಕ್ಕೆ ಹದಿನೇಳನೇ ಕೇಂದ್ರ, ಬಲಕ್ಕೆ ಹದಿನೆಂಟನೆಯದು, ಮಾನ್ವಿ. ತೂತುಗಳ ಅಂಚಿನ ಉದ್ದ ಕಾಗದವನ್ನು ನೆಲದ ಮೇಲೆ ಹಾಸಿ, ಕೆಂಪು ಪೆನ್ಸಿಲ್ ಹಿಡಿದು ಕೂತಳು.

ಆಗಸ್ಟ್ ಎಂಟರ ತನಕ ದೇವದುರ್ಗದ ಮಳೆ 0043, 0187, 0012. ಗಾಜಿನ ಮಳೆ. ಒಂಬತ್ತರಿಂದ 0075, 0025, 0150, 0325. ಸೆಪ್ಟೆಂಬರ್ ಇಪ್ಪತ್ನಾಲ್ಕರ ತನಕ ಮಳೆ ಬಂದ ಹತ್ತೊಂಬತ್ತು ದಿನವೂ ಇಪ್ಪತ್ತೈದರ ಮಗ್ಗಿ. ಇಪ್ಪತ್ತೈದನೇ ತಾರೀಖಿನಿಂದ ಮತ್ತೆ 0061, 0118.

ಬಲಗಡೆ ಮಾನ್ವಿ. ಆಗಸ್ಟ್ ಒಂಬತ್ತರಿಂದ 0075, 0025, 0150, 0325. ಅಲ್ಲೂ ಸೆಪ್ಟೆಂಬರ್ ಇಪ್ಪತ್ನಾಲ್ಕಕ್ಕೇ ಮಗ್ಗಿ ನಿಂತಿತ್ತು. ಎರಡು ತಾಸು ಬಸ್ಸಿನಲ್ಲಿ ಕೂತರೆ ಸಿಗುವ ಊರಲ್ಲಿ, ಮುರಿಯದ ಗಾಜಿನೊಳಗೆ, ಮಳೆ ಅಮೀರ್ ಸಾಬರ ಎಣ್ಣೆ ಮಾಪಿನ ಅಳತೆಗೆ ಬಿದ್ದಿತ್ತು.

ಅವಳು ಸತ್ತಾರ್ ಸಾಬನಿಂದ ಸಾಮಾನು ವಹಿಯ ಕಪಾಟು ತೆಗೆಸಿದಳು.

“ಧೂಳು ಬಿಟ್ರ ಏನೂ ಇಲ್ಲಮ್ಮಾ ಅದರಾಗ.”

“ಇದನ್ನೊಂದು ರದ್ದಿಗಿ ಹಾಕೋದು ಮರ್ತಾರಲ್ಲ, ಅಷ್ಟು ಸಾಕು.”

ವಹಿಯಲ್ಲಿತ್ತು: ಸೆಪ್ಟೆಂಬರ್ ೧೯೭೮, ದೇವದುರ್ಗ, ಅಳತೆ ಗಾಜು ಒಂದು, ಹಳೆಯದು ಒಡೆದ ಪ್ರಯುಕ್ತ. ಮಾನ್ವಿಯ ಹೆಸರಿನ ಮುಂದೆ ಹದಿನಾರು ವರ್ಷದಲ್ಲಿ ಒಂದು ಗಾಜೂ ಹೋಗಿರಲಿಲ್ಲ.

“ಮುಟ್ಟದಿದ್ರ ಗಾಜು ಹ್ಯಾಂಗ ಒಡೀತದ?” ಎಂದ ಸತ್ತಾರ್ ಸಾಬ್, ವಹಿಯ ಧೂಳು ಊದುತ್ತ.

*

ಶನಿವಾರ ಗದ್ದೆಪ್ಪ ತಾನೇ ಬಂದ. ಒಗೆದ ಧೋತರ, ಕೈಯಲ್ಲಿ ಆ ಕಾಗದ. ಬಾಗಿಲ ಹೊರಗೇ ನಿಂತವನನ್ನು ಕನಕಮ್ಮ ತೋಳು ಹಿಡಿದು ಪ್ರಾಣೇಶರಾಯರ ಕೋಣೆಗೆ ಕರೆತಂದಳು.

“ಇವರು ಹದಿನೇಳನೇ ಕೇಂದ್ರ, ಸರ್. ನಮ್ಮಪ್ಪ.”

ರಾಯರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. ಕೆಟ್ಟ ಮನುಷ್ಯರಲ್ಲ. “ಕೂಡಪ್ಪ,” ಎಂದು ಕುರ್ಚಿ ತೋರಿಸಿದರು, ಸತ್ತಾರ್ ಸಾಬನಿಗೆ ಚಹಾ ಹೇಳಿದರು. ಗದ್ದೆಪ್ಪ ಕೂರಲಿಲ್ಲ. ಕನಕಮ್ಮ ಕಾಗದ ಹರವಿ, ಕೆಂಪು ಗೆರೆಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಹೇಳಿದಳು. ಗಾಜು, ಮಾಪು, ಮಗ್ಗಿ, ವಹಿ. ರಾಯರು ಅಂಕಿ ಬಲ್ಲವರು. ಅರ್ಧ ಹೇಳುವಷ್ಟರಲ್ಲೇ ಅವರಿಗೆ ಪೂರ್ತಿ ತಿಳಿದದ್ದು ಅವರ ಮುಖದಲ್ಲಿ ಕಂಡಿತು. ಆದರೂ ಪೂರ್ತಿ ಕೇಳಿದರು.

“ಖರೇ ಅದ,” ಎಂದರು ಕೊನೆಗೆ. “ನಿಮ್ಮಪ್ಪನ ಲೆಕ್ಕ ಖರೇ ಅದ. ಅದನ್ನ ಮುಟ್ಟಬ್ಯಾಡ. ಕೀಲಿ ತಿರುಗಿ ಕೊಡ್ಲಿಕ್ಕೆ ಇವತ್ತೇ ಬರೀತೀನಿ. ಆತಲ್ಲ?”

“ಮಾನ್ವಿದ್ರಿ?”

“ಅದೂ ಇರಲಿ.”

“ಇರಲಿ ಅಂದ್ರ ಹ್ಯಾಂಗ್ರಿ? ಅದು ನಕಲು ಅಂತ ಈಗ ನೀವೇ...”

“ನೋಡವಾ, ಜಗನ್ನಾಥರಾಯರು ಹಿರಿಯರು, ರಿಟೈರ್ ಆಗ್ಯಾರ. ಅವರನ್ನ ಈಗ ಬೀದಿಗಿ ಎಳದು ಏನು ಸಿಗ್ತದ? ಮಾನ್ವಿ ಸರಾಸರಿ ಈಗಾಗ್ಲೇ ಮೂರು ವರದಿಯೊಳಗ ಹೋಗ್ಯದ. ಮೂರಕ್ಕೂ ನಾನೇ ಸಹಿ ಮಾಡೀನಿ.” ಅವರು ಕನ್ನಡಕ ಹಾಕಿಕೊಂಡರು. “ನಿಮಗ ಆಗಬೇಕಾದ್ದು ಆತು. ಸುಮ್ಮನ ಬೆಳಸಬ್ಯಾಡ.”

ಗದ್ದೆಪ್ಪ ಒಂದು ಹೆಜ್ಜೆ ಮುಂದೆ ಬಂದ.

“ಸಾಹೇಬ್ರ, ನನ್ನ ಮಳಿ ಮಾನ್ವ್ಯಾಗ ಬಿದ್ದಿಲ್ರಿ.”

“ಗೊತ್ತಾತಪ್ಪಾ.”

“ಮಾನ್ವ್ಯಾಗ ಎಷ್ಟು ಬಿತ್ತು ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬರೀರಿ.”

“ಹದಿನಾರು ವರ್ಷ ಗೊತ್ತಿಲ್ಲ ಅಂತ ಹ್ಯಾಂಗ ಬರೀಲಿಕ್ಕೆ ಬರ್ತದೋ?”

“ಬುಧವಾರ ಬರ್ತಿತ್ತಲ್ರಿ ಸರ್,” ಎಂದಳು ಕನಕಮ್ಮ. “ದೇವದುರ್ಗಕ್ಕ ಬರೀಲಿಕ್ಕೆ ಬರ್ತಿತ್ತು. ಚೀಟಿ ನನ್ನ ಹತ್ರನೇ ಅದ.”

ಚಹಾ ತಂದ ಸತ್ತಾರ್ ಸಾಬ್ ಬಾಗಿಲಲ್ಲೇ ನಿಂತುಬಿಟ್ಟ. ರಾಯರ ಕಿವಿ ಕೆಂಪಾಯಿತು.

“ನಿನ್ನದು ಟೆಂಪರರಿ ನೌಕರಿ ಅದ. ನೆನಪಿರಲಿ. ಮಾನ್ವಿಯ ಒಂದು ಅಂಕಿ ಮುಟ್ಟಿದ್ರೂ ನಾನು ಸುಮ್ಮನ ಕೂಡೋದಿಲ್ಲ. ಹೋಗು, ಫ್ಲಾಪಿ ತಯಾರು ಮಾಡು.”

*

ಅವಳು ತಂದೆಯನ್ನು ತಂಪು ಕೋಣೆಗೆ ಕರೆದೊಯ್ದು ತನ್ನ ಪಕ್ಕ ಕೂರಿಸಿಕೊಂಡಳು. ಅವನು ಚಪ್ಪಲಿಗಳನ್ನು ಹೊರಗೆ ಜೋಡಿಸಿಟ್ಟು ಬಂದು, ಚಳಿಗೆ ಟವೆಲು ಹೊದ್ದು, ಪರದೆಯ ಮೇಲಿನ ಹಸಿರು ಸಾಲುಗಳನ್ನು ನೋಡಿದ.

“ಇದರಾಗ ನನ್ನದು ಯಾವುದು?”

ಅವಳು ತೋರಿಸಿದಳು. 0177808090075. ಆಗಸ್ಟ್ ಒಂಬತ್ತು, ಮಾಪಿನ ಮೊದಲ ದಿನ, ಮೂರು ಮಾಪು ಮಳೆ.

“ಇಷ್ಟೇನಾ? ಇದರ ಮುಂದ ಏನದ?”

“ಏನಿಲ್ಲ. ಖಾಲಿ.”

“ಎಷ್ಟು ಖಾಲಿ ಅದ?”

ಕನಕಮ್ಮನ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಒಂದು ಸಾಲಿಗೆ ಎಂಬತ್ತು ಮನೆ. ಅಂಕಿಗಳು ತುಂಬಿದ್ದು ಹದಿಮೂರು. ಉಳಿದ ಅರವತ್ತೇಳು ಮನೆ ಪ್ರತಿಯೊಂದು ಸಾಲಿನಲ್ಲೂ ಬರಿದಾಗಿ ಬಿದ್ದಿದ್ದವು. ಲೆಕ್ಕ ಕೂಡಿಸುವ ಪ್ರೋಗ್ರಾಮು ಅವುಗಳತ್ತ ತಿರುಗಿಯೂ ನೋಡುತ್ತಿರಲಿಲ್ಲ. ಷರಾ ಬಿಡು ಎಂದವರು ಸಾಲಿನ ತುದಿಯ ತನಕ ಹೋಗಿ ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ.

ಅವಳು ಟೈಪು ಮಾಡತೊಡಗಿದಳು. ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ, ಇಂಗ್ಲಿಷಿನಲ್ಲೇ ಹೊಡೆದಳು: ಗಾಜು ಒಡೆದಿದೆ, ಎಣ್ಣೆ ಮಾಪಿನಿಂದ ಅಳೆದದ್ದು. ನಲವತ್ತೇಳು ಸಾಲಿಗೂ ಒಂದೊಂದಾಗಿ, ಕೈಯಿಂದಲೇ. ಗುಂಡಿಗಳ ಸದ್ದು ಗೋಡೆಗೆ ಬಡಿದು ಬರುತ್ತಿತ್ತು. ಪ್ರತಿ ಸಾಲು ಮುಗಿದಾಗಲೂ ಅವಳು ಗಟ್ಟಿಯಾಗಿ ಅಂಕಿ ಓದಿದಳು, ಗದ್ದೆಪ್ಪ ತಲೆಯಾಡಿಸಿದ. ಒಮ್ಮೆ ಮಾತ್ರ, “ಅವತ್ತು ಗುಡುಗು ಭಾಳಿತ್ತು,” ಎಂದ.

ಆಮೇಲೆ ಮಾನ್ವಿ. ಮಾನ್ವಿಯ ಒಂದು ಅಂಕಿಯನ್ನೂ ಅವಳು ಮುಟ್ಟಲಿಲ್ಲ. ಹತ್ತು ಸಾಲಿನ ಪ್ರೋಗ್ರಾಮು ಬರೆದು, ಹದಿನೆಂಟನೇ ಕೇಂದ್ರದ ಐದು ಸಾವಿರದ ಎಂಟುನೂರ ನಲವತ್ತನಾಲ್ಕು ಸಾಲುಗಳ ಖಾಲಿ ಜಾಗಕ್ಕೂ ಒಂದೇ ಷರಾ ಹಾಕಿದಳು: ಮಾನ್ವಿಯಲ್ಲಿ ಮಳೆ ಅಳೆದಿಲ್ಲ, ಇದು ಹದಿನೇಳನೇ ಕೇಂದ್ರದ ನಕಲು. ಗುಂಡಿ ಒತ್ತಿದಾಗ ಯಂತ್ರ ಬಹಳ ಹೊತ್ತು ಗರಗರ ಎಂದಿತು. ಬುಧವಾರ ಅವಳ ತಂದೆಯನ್ನು ಅಳಿಸಲು ಬೇಕಾಗಿದ್ದದ್ದೂ ಇಷ್ಟೇ ಹೊತ್ತು.

ಪ್ರತಿದಿನದ ಕೆಲಸ ಬರೆಯುವ ವಹಿಯೊಂದು ಮೇಜಿನ ಮೇಲಿತ್ತು. ಫ್ಲಾಪಿ ಹೊರಡುವ ಮೊದಲು ಅದಕ್ಕೆ ರಾಯರ ಸಹಿ ಬೀಳಬೇಕು. ಏನು ಸೇರಿಸಿದೆ, ಯಾಕೆ ಸೇರಿಸಿದೆ, ಯಾರು ಸೇರಿಸಿದರು ಎಂದು ಕನಕಮ್ಮ ಮುಚ್ಚುಮರೆಯಿಲ್ಲದೆ ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಹಾಕಿ, ಸತ್ತಾರ್ ಸಾಬನ ಕೈಲಿ ಕಳಿಸಿದಳು.

ಐದು ನಿಮಿಷಕ್ಕೆ ಬಾಗಿಲು ತೆರೆಯಿತು. ಈ ಸಲ ಪ್ರಾಣೇಶರಾಯರು ಚಪ್ಪಲಿ ಬಿಟ್ಟು ಒಳಗೇ ಬಂದರು. ತಂದ ವಹಿಯನ್ನು ಅವಳ ಮುಂದೆ ಹಿಡಿದರು.

“ಅಂಕಿ ಮುಟ್ಟಬ್ಯಾಡ ಅಂದಿದ್ದೆ!”

“ಮುಟ್ಟಿಲ್ರಿ. ಷರಾ ಹಾಕೀನಿ.”

“ತೆಗಿ ಅದನ್ನ!”

“ನೀವ ತೆಗೀರಿ ಸರ್. ತೆಗದೀನಿ ಅಂತ ನನ್ನ ಹೆಸರಿನ ಕೆಳಗ ಬರದು ಸಹಿ ಮಾಡ್ರಿ.”

“ಸೋಮವಾರದಿಂದ ಬರೋದು ಬ್ಯಾಡ ನೀನು!”

“ಅದನ್ನೂ ಬರೀರಿ. ಜಾಗ ಭಾಳ ಅದ.”

ರಾಯರು ಪೆನ್ನು ತೆಗೆದರು. ವಹಿಯ ಮೇಲೆ ಇಟ್ಟರು. ಅವರ ಕಣ್ಣು ಗದ್ದೆಪ್ಪನ ಮೇಲೆ ಹೋಯಿತು. ಗದ್ದೆಪ್ಪ ಕುರ್ಚಿಯಿಂದ ಎದ್ದಿರಲಿಲ್ಲ. ಅಧಿಕಾರಿಯೊಬ್ಬರು ನಿಂತಿರುವಾಗ ಅವನು ಕೂತೇ ಇದ್ದದ್ದು ಜೀವಮಾನದಲ್ಲಿ ಅದೇ ಮೊದಲು, ಮತ್ತು ಅದು ಅವನಿಗೆ ಗೊತ್ತಿತ್ತು. ಬಹಳ ಹೊತ್ತಿನ ಮೇಲೆ ರಾಯರು ಕೆಲಸದ ಸಾಲಿನ ಕೆಳಗೆ ಸಣ್ಣದಾಗಿ ಸಹಿ ಎಳೆದು, ವಹಿಯನ್ನು ಮೇಜಿಗೆ ಎಸೆದು ಹೊರಗೆ ಹೋದರು. ಚಪ್ಪಲಿ ಮೆಟ್ಟಿಕೊಳ್ಳಲು ಬಾಗಿದ ಬೆನ್ನು ಬಾಗಿಲ ಗಾಜಿನಲ್ಲಿ ಕಾಣುತ್ತಿತ್ತು.

“ಫ್ಲಾಪಿ ಕಟ್ಟಲೇನಮ್ಮಾ?” ಎಂದ ಸತ್ತಾರ್ ಸಾಬ್.

“ತಡೀರಿ,” ಎಂದ ಗದ್ದೆಪ್ಪ. ಮಗಳ ಕಡೆ ತಿರುಗಿ, “ಈ ವಾರದ್ದು ಇದರಾಗ ಅದೇನು?”

“ಸೋಮವಾರದ ತನಕ ಅದ. ಅವರು ತಂದ ಹಾಳಿ ನಿನ್ನಿ ಹಾಕೀನಿ. ಮುಂದಿನ ಐದು ದಿನ ಹಾಕಬೇಕು.” ಅವಳು ಅನುಮಾನಿಸಿದಳು. “ಯಪ್ಪಾ, ಮಂಗಳವಾರ ಎಷ್ಟು ಬಂದಿರಬೇಕು? ನೀ ಹೊರಗ ನಿಂತು ನೋಡೀಯಲ್ಲ. ಅಂದಾಜು ಹೇಳಿದ್ರ...”

ಗದ್ದೆಪ್ಪ ಅವಳನ್ನು ನೋಡಿದ ನೋಟಕ್ಕೆ ಅವಳ ಮಾತು ಅಲ್ಲೇ ನಿಂತಿತು. ಕೀಲಿ ಕಳಕೊಂಡಾಗ, ಕಳ್ಳನೆನಿಸಿಕೊಂಡಾಗ, ಷರಾ ಹೋಯಿತೆಂದು ಕೇಳಿದಾಗ ಏರದಿದ್ದ ದನಿ ಈಗ ಏರಿತು.

“ನಾನೇನು ಮಾನ್ವಿ ರಾಯನೇನಬೇ? ಅಳದಿಲ್ಲ ಅಂದ್ರ ಅಳದಿಲ್ಲ! ಆ ನಾಲ್ಕು ಒಂಬತ್ತು ಹಾಕು!”

ಅವಳು ಹಾಕಿದಳು. ಆಗಸ್ಟ್ ಹದಿನೆಂಟು, 9999. ಹತ್ತೊಂಬತ್ತು, 9999. ಇಪ್ಪತ್ತೆರಡರ ತನಕ ಐದು ಸಾಲು, ಒಂದೊಂದು ಒಂಬತ್ತನ್ನೂ ಮೊಳೆ ಹೊಡೆದ ಹಾಗೆ ಹೊಡೆದಳು.

“ಷರಾ?” ಎಂದು ಕೇಳಿದಳು.

“ಹೂಂ,” ಎಂದ ಗದ್ದೆಪ್ಪ, ಬರಿದಾದ ಉಡದಾರದ ಮೇಲೆ ಕೈಯಿಟ್ಟುಕೊಂಡು. “ಬರಿ. ಮಳಿ ಬಂದಿತ್ತು. ಕೀಲಿ ಕಸಗೊಂಡಿದ್ರು.”